ಹೀರೆ ಮಿಡಿಗೆ ತೋರಿಸಿದ ಬೆರಳು

ಹೀರೆಕಾಯಿಯ ಏಣು ಹೆರೆಯುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಎಳೆ ಸೌತೆಯದು, ಅರ್ಧ ಸರಿಯಾಗಿ ಒಣಗದ ಬಟ್ಟೆಯದು. ಅಡುಗೆಮನೆಯ ಕಿಟಕಿ ಮುಚ್ಚಿದ್ದ ದಿನ ಅದು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ, ಹೊರಡಲು ಮನಸ್ಸಿಲ್ಲದ ನೆಂಟರ ಹಾಗೆ. ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ, ಕಹಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ನಾನು ಕಾಯಿಯನ್ನು ಪಾತ್ರೆಗೆ ಹಾಕುವುದು. ಈಗಿನ ಕಾಯಿ ಕಹಿ ಬರುವುದಿಲ್ಲ ಎಂದು ತರಕಾರಿಯವನು ನಗುತ್ತಾನೆ. ಅವನಿಗೆ ಏನು ಹೇಳುವುದು. ಆ ವಾಸನೆ ಬಂದರೆ ಸಾಕು, ನಾನು ಗುಂಡ್ಲುಪೇಟೆಯ ಹಿತ್ತಲಿನಲ್ಲಿ ಯೂನಿಫಾರ್ಮಿನಲ್ಲೇ ನಿಂತಿರುತ್ತೇನೆ. ಸಂಜೆ ಐದರ ಬಿಸಿಲು ಚಪ್ಪರದ ಮೇಲೆ ಓರೆಯಾಗಿ ಬಿದ್ದಿರುತ್ತದೆ. ಹಗಲೆಲ್ಲ ಮುದುಡಿಕೊಂಡಿದ್ದ ಹಳದಿ ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರುತ್ತವೆ. ಆ ಹೂಗಳ ಕೆಳಗೆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ಕಳೆ ಕೀಳುತ್ತಿರುತ್ತಾರೆ. ಒಬ್ಬಳು ನನ್ನ ಅಮ್ಮ. ಇನ್ನೊಬ್ಬಳು ಅಪ್ಪನ ತಮ್ಮನ ಹೆಂಡತಿ, ನಾಗಮಣಿ ಚಿಕ್ಕಮ್ಮ.

ಹಿತ್ತಲಿನ ಬಗ್ಗೆ ಯಾರೇ ಬರೆದರೂ ಅದನ್ನು ನೆಮ್ಮದಿಯ ಜಾಗ ಎಂದೇ ಬರೆಯುತ್ತಾರೆ. ನಿಮ್ಮ ಮನೆಯದು ಹಾಗಿದ್ದಿರಬಹುದು. ಇದ್ದರೆ ನೀವು ಪುಣ್ಯವಂತರು. ನಮ್ಮ ಮನೆಯ ಜಗಳಗಳೆಲ್ಲ ಮೊಳೆಯುತ್ತಿದ್ದದ್ದೇ ಅಲ್ಲಿ. ಸುಖವೂ ಅಲ್ಲೇ ಇತ್ತು ಅನ್ನುವುದು ಬೇರೆ ಮಾತು. ಬೂದಿ ಉದುರಿಸಿದ ಬದನೆ ಎಲೆಗಳ ಮೇಲೆ ಇಬ್ಬನಿ ಬಿದ್ದು ಬೆಳಗಾಗುವಷ್ಟರಲ್ಲಿ ಸಣ್ಣ ಸಣ್ಣ ಬೂದುಬಣ್ಣದ ಮಣಿಗಳಾಗುತ್ತಿದ್ದವು. ದಂಟಿನ ಸೊಪ್ಪಿನ ಮಡಿಗೆ ಬಚ್ಚಲ ನೀರು ತಿರುಗಿಸಿದರೆ ಸೋಪಿನ ನೊರೆ ಗಿಡಗಳ ನಡುವೆ ಸ್ವಲ್ಪ ದೂರ ತೇಲಿಹೋಗಿ ಒಡೆಯುತ್ತಿತ್ತು. ಅವರೆಕಾಯಿಯ ಸೊಗಡು ಅಂಟಿದ ಬೆರಳನ್ನು ನಾನು ಕಾನ್ವೆಂಟಿನಲ್ಲಿ ಮಧ್ಯಾಹ್ನದ ಬೆಲ್ಲಿನವರೆಗೂ ಕದ್ದು ಮೂಸುತ್ತಿದ್ದೆ. ಇದೆಲ್ಲ ಇತ್ತು. ಇದೆಲ್ಲದರ ನಡುವೆ ಯಾರೋ ಯಾರನ್ನೋ ಬೈಯುತ್ತಲೂ ಇದ್ದರು.

ಹಿತ್ತಲಿಗೆ ಯಜಮಾನಿ ಅಜ್ಜಿ, ಅಪ್ಪನ ತಾಯಿ. ಅವಳ ತವರು ಕುದೇರು. ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಕ್ಕಿಯ ಜೊತೆ ಒಂದು ಹಿಡಿ ಹೀರೆ ಬೀಜ ಕಟ್ಟಿ ಕಳಿಸಿದ್ದಳಂತೆ. ಸಂತೆಯಲ್ಲಿ ಸಿಗುವ ಉದ್ದ ಹೀರೆಯಲ್ಲ ಅದು. ಗೇಣುದ್ದ ಮಾತ್ರ, ನಡುವೆ ಉಬ್ಬು, ಏಣು ಮೃದು. ಬೆಂದರೆ ಬೆಣ್ಣೆಯ ಹಾಗೆ, ಸಿಪ್ಪೆಯ ಚಟ್ನಿಗಂತೂ ಎಳ್ಳೂ ಬೇಕಾಗುತ್ತಿರಲಿಲ್ಲ. ಪ್ರತಿ ವರ್ಷ ಬಳ್ಳಿಯ ಬುಡದ ಕಡೆಯ ಒಂದು ಒಳ್ಳೆಯ ಕಾಯನ್ನು ಅಜ್ಜಿ ಬೀಜಕ್ಕೆಂದು ಬಿಡುತ್ತಿದ್ದಳು. ತೊಟ್ಟಿಗೆ ಹಳೆಯ ಸೀರೆಯ ಕೆಂಪು ಚೂರು ಕಟ್ಟಿದರೆ ಮುಗಿಯಿತು, ಆ ಕಾಯನ್ನು ಮನೆಯವರು ಯಾರೂ ಮುಟ್ಟುವಂತಿಲ್ಲ. ಅದು ಬಲಿತು ಒಣಗಿ ಕಂದಾದ ಮೇಲೆ ಇಡೀ ಕಾಯನ್ನೇ ತಂದು ಒಲೆಯ ಮೇಲೆ ಹೊಗೆ ತಾಕುವಂತೆ ನೇತುಹಾಕುತ್ತಿದ್ದಳು. ಮುಂಗಾರು ಬಿದ್ದಾಗ ಕಾಯಿ ಒಡೆದು, ಬೇಕಾದಷ್ಟು ಬೀಜ ನೆಟ್ಟು, ಮಿಕ್ಕದ್ದನ್ನು ಹಕ್ಕಿಗಳಿಗೆ ಚೆಲ್ಲಿಬಿಡುವುದು. ಬೀಜ ಹೊರಗೆ ಕೊಟ್ಟರೆ ಬಳ್ಳಿಯ ಸತ್ವ ಹೋಗುತ್ತದೆ ಎಂದು ಅವಳ ನಂಬಿಕೆ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಜಮೀಲಾಬಿ ಅವಳಿಗೆ ಮೂವತ್ತು ವರ್ಷದ ಗೆಳತಿ. ಅವರು ಕೇಳಿದಾಗಲೂ ಬುಟ್ಟಿ ತುಂಬ ಕಾಯಿ ಕೊಟ್ಟಳೇ ಹೊರತು ಒಂದು ಬೀಜ ಕೊಡಲಿಲ್ಲ.

ಬೀಜ ನೆಡುವುದು ಹಿರಿ ಸೊಸೆಯ ಕೆಲಸ. ಅಂದರೆ ಅಮ್ಮನದು. ಒಂದು ವರ್ಷ ಅಮ್ಮನ ತಂದೆ ತೀರಿಕೊಂಡು, ಮಳೆ ಬಿದ್ದ ವಾರ ಅವಳು ಮೈಸೂರಿನಲ್ಲೇ ಉಳಿಯಬೇಕಾಯಿತು. ಅಜ್ಜಿ ಚಿಕ್ಕಮ್ಮನ ಕೈಯಲ್ಲಿ ಬೀಜ ಹಾಕಿಸಿದಳು. ಚಿಕ್ಕಮ್ಮ ಚಂದಕವಾಡಿ ಕಡೆಯ ಬೇಸಾಯದ ಮನೆಯವಳು, ಮಣ್ಣು ಅವಳ ಮಾತು ಕೇಳುತ್ತಿತ್ತು. ಆ ವರ್ಷ ಬಳ್ಳಿ ಚಪ್ಪರ ತುಂಬಿ ಬಚ್ಚಲ ಹೆಂಚಿನ ಮೇಲೆ ಹತ್ತಿತು. ಮದುವೆಯಾಗಿ ಏಳು ವರ್ಷವಾದರೂ ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಅವಳ ಹೊಟ್ಟೆಯ ಕಡೆ ನೋಡಿ ಹೋಗುತ್ತಿದ್ದರು. ಆ ವರ್ಷ ಮಾತ್ರ ಬಂದವರು ಬಳ್ಳಿ ನೋಡಿದರು, ಅಜ್ಜಿಯೂ ಎಲ್ಲರ ಮುಂದೆ, "ನಮ್ಮ ನಾಗಮಣಿ ಕೈಗುಣ ಕಣ್ರವ್ವ" ಅಂದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಒಂದೇ ಬಿರುದು ಅದು. ಮಾರನೆಯ ವರ್ಷ ಅಮ್ಮ ತಾನೇ ಗುಂಡಿ ತೋಡಿ, ಗೊಬ್ಬರ ಬೆರೆಸಿ, ಕೈ ತೊಳೆದು ಕಾದು ನಿಂತಳು. ಅಜ್ಜಿ ಕಾಯಿ ಒಡೆದಳು. ಬೀಜ ಹಿಡಿದ ಕೈ ಅಮ್ಮನ ಮುಂದಿನಿಂದ ಹಾಯ್ದು ಚಿಕ್ಕಮ್ಮನ ಕಡೆ ಹೋಯಿತು. ಅಮ್ಮ ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಕೈ ಒಣಗಿದ ಮೇಲೂ ಬಹಳ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದಳು.

ಆ ತಿಂಗಳು ಮುಗಿಯುವುದರೊಳಗೆ ಒಲೆ ಬೇರೆಯಾಯಿತು. ಹಿತ್ತಲಿನ ನಡುವೆ ಅಮ್ಮ ಒಡೆದ ಹೆಂಚುಗಳನ್ನು ಸಾಲಾಗಿ ಹೂತಳು. ಆಚೆ ಚಿಕ್ಕಮ್ಮನ ಚಪ್ಪರ, ಈಚೆ ನಮ್ಮದು. ಅಜ್ಜಿ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಊಟ ಮಾಡುವಳು. ಅಮ್ಮ ಅಂಗಡಿಯಿಂದ ಬಣ್ಣಬಣ್ಣದ ಪೊಟ್ಟಣದಲ್ಲಿ ಹೈಬ್ರಿಡ್ ಹೀರೆ ತಂದು ಹಾಕಿದಳು. ಅದರ ಪಲ್ಯ ತಿಂದು ಅಜ್ಜಿ, "ನೀರು ಕುಡ್ದಂಗದೆ" ಅಂದಳು. ಓರಗಿತ್ತಿಯರ ನಡುವೆ ನೇರ ಮಾತು ನಿಂತುಹೋಯಿತು. ಆದರೆ ಮಾತೇನೂ ಕಡಿಮೆಯಾಗಲಿಲ್ಲ, ಗಿಡಗಳ ಮೂಲಕ ನಡೆಯತೊಡಗಿತು. ಚಿಕ್ಕಮ್ಮ ತನ್ನ ಬದನೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಕಾಯಿ ಬುಡೋ ಯೋಗ್ತೆ ಇಲ್ದಿದ್ರೂ ಮೈತುಂಬ ಮುಳ್ಳು ಮಡಿಕಂಡಿದ್ದೀಯಲ್ಲ, ಯಾರ್ನ ನೋಡಿ ಕಲ್ತೆ" ಎಂದು ಕೇಳುವಳು. ಹೆಂಚಿನ ಈಚೆಯಿಂದ ಅಮ್ಮ ಕರಿಬೇವಿಗೆ, "ನೀನು ಸುಮ್ನಿರು. ಇನ್ನೊಬ್ಬರದನ್ನ ಇಸ್ಕೊಂಡು ಮೆರೆಯೋರು ಮಾತಾಡ್ಕೊಳ್ಲಿ" ಎನ್ನುವಳು. ಬೆಂಡೆ, ಬಸಳೆ, ಮೆಣಸು, ಯಾವ ಗಿಡವೂ ಬೈಗುಳ ತಪ್ಪಿಸಿಕೊಳ್ಳಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತ ಅಜ್ಜಿ, "ಇವ್ಕೆ ಕಾಲಿದ್ದಿದ್ರೆ ಇಷ್ಟೊತ್ಗೆ ಊರು ಬುಟ್ಟು ಓಗಿರವು" ಅಂದರೆ ನನಗೆ ನಗು ಬರುತ್ತಿತ್ತು. ಅಮ್ಮನ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ನಾನು ಆಗ ಆರನೆಯ ಕ್ಲಾಸು. ಅಮ್ಮನ ಪಕ್ಷ ಎಂದು ಬೇರೆ ಹೇಳಬೇಕಿಲ್ಲ. ನನ್ನ ಕೈಯಲ್ಲಿ ಒಂದು ಆಯುಧವೂ ಇತ್ತು. ನಮ್ಮ ಕಡೆ ಎಳೆ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಅದು ಹಳದಿಯಾಗಿ ಕೊಳೆತು ಉದುರಿಹೋಗುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು, ಮರೆತು ಬೆರಳು ಚಾಚಿಬಿಟ್ಟರೆ ಕೂಡಲೇ ಅದರ ತುದಿ ಕಚ್ಚಿಕೊಳ್ಳಬೇಕು. ಇದನ್ನು ನನಗೆ ಕಲಿಸಿದವಳೇ ಚಿಕ್ಕಮ್ಮ, ನಾನು ಇನ್ನೂ ಅವಳ ಸೊಂಟದ ಮೇಲೆ ಕೂತು ಹಿತ್ತಲು ಸುತ್ತುತ್ತಿದ್ದ ಕಾಲದಲ್ಲಿ. ಆ ವರ್ಷ ನಾನು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು, ಹೆಂಚಿನ ಸಾಲಿನ ಹತ್ತಿರ ನಿಂತು, ಚಿಕ್ಕಮ್ಮನ ಬಳ್ಳಿಯ ಒಂದೊಂದು ಮಿಡಿಗೂ ಬೆರಳು ತೋರಿಸುತ್ತಿದ್ದೆ. ಯಾವುದನ್ನೂ ಬಿಡುತ್ತಿರಲಿಲ್ಲ, ಬೆರಳನ್ನೂ ಕಚ್ಚಿಕೊಳ್ಳುತ್ತಿರಲಿಲ್ಲ. ಎರಡು ದಿನಕ್ಕೆ ಮಿಡಿಗಳ ಮೂತಿ ಹಳದಿಯಾಗುತ್ತಿತ್ತು. ನಾಲ್ಕನೆಯ ದಿನ ಮೆತ್ತಗಾಗಿ ನೆಲಕ್ಕೆ ಬೀಳುತ್ತಿದ್ದವು. ಅದು ನೊಣದ ಕಾಟವೆಂದು, ಆ ವರ್ಷ ಮಳೆ ಹಿಡಿದು ಊರಿನ ಬಳ್ಳಿಗಳಿಗೆಲ್ಲ ಹಾಗೇ ಆಗಿತ್ತೆಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಬಿದ್ದ ಮಿಡಿಗಳನ್ನು ಚಿಕ್ಕಮ್ಮ ಆರಿಸಿ ಮಡಿಲಿಗೆ ಹಾಕಿಕೊಳ್ಳುವುದನ್ನು ನೋಡುತ್ತ, ನನ್ನ ಬೆರಳನ್ನು ನಾನೇ ಹೆದರಿಕೆಯಿಂದಲೂ ಹೆಮ್ಮೆಯಿಂದಲೂ ನೋಡಿಕೊಳ್ಳುತ್ತಿದ್ದೆ.

ಒಂದು ಕಾಯಿ ಮಾತ್ರ ನನ್ನ ಬೆರಳಿಗೆ ಜಗ್ಗಲಿಲ್ಲ. ಬುಡದ ಹತ್ತಿರದ್ದು, ಕೆಂಪು ಚೂರು ಕಟ್ಟಿದ್ದು. ಉಳಿದವೆಲ್ಲ ಹೋದ ಮೇಲೆ ಬೀಜಕ್ಕೆ ಅದೊಂದೇ ಆಧಾರ ಎಂದು ಮನೆಗೆಲ್ಲ ಗೊತ್ತಿತ್ತು. ಒಂದು ಭಾನುವಾರ ಜಮೀಲಾಬಿ ನಮ್ಮ ಕಡೆಯ ಬಾಡಿದ ಬಳ್ಳಿ ನೋಡಿ ಏನೋ ಕೇಳಿದರು. ಅಜ್ಜಿ ದನಿಯನ್ನೂ ತಗ್ಗಿಸದೆ, "ದೊಡ್ಡವಳದು ಬಿಸಿ ಕೈ ಕಣ ಜಮೀಲಾ. ಅವಳು ಮುಟ್ಟಿದ್ದು ಏಳಾಕಿಲ್ಲ" ಅಂದಳು. ಅಮ್ಮ ಒಳಗೆ ರಾಗಿ ಜರಡಿ ಹಿಡಿಯುತ್ತಿದ್ದವಳು ಹೊರಗೆ ಬಂದು, ತನ್ನ ಹೈಬ್ರಿಡ್ ಬಳ್ಳಿಯನ್ನು ಬುಡಸಮೇತ ಕಿತ್ತು, ಸುರುಳಿ ಸುತ್ತಿ ತಿಪ್ಪೆಗೆ ಎಸೆದು ಒಳಗೆ ಹೋದಳು. ಜರಡಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮಾರನೆಯ ಸಂಜೆ ನಾನು ಶಾಲೆಯಿಂದ ಬಂದಾಗ ಮನೆ ಎಂದಿಲ್ಲದಷ್ಟು ಸುಮ್ಮನಿತ್ತು. ಏಕೆಂದು ಯೋಚಿಸಲಿಲ್ಲ. ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದುಕೊಂಡು ಹೆಂಚು ದಾಟಿದೆ. ಬೀಜದ ಕಾಯಿಯ ತಳಭಾಗದಲ್ಲಿ, ನಿಂತು ನೋಡುವವರಿಗೆ ಕಾಣದ ಕಡೆ, ಎರಡು ಏಣುಗಳ ನಡುವೆ ಚುಚ್ಚಿದೆ. ಒಟ್ಟು ಐದು ಸಲ. ಮೊನೆ ಒಳಗೆ ಹೋಗುವಾಗ ಸಣ್ಣ ಸದ್ದಾಯಿತು. ನೀರಿನಂಥ ರಸ ಬಂದು ಬೆರಳಿಗೆ ಅಂಟಿತು. ಕೈವಾರವನ್ನು ಸ್ಕರ್ಟಿಗೆ ಒರೆಸಿ ಬಾಕ್ಸಿನಲ್ಲಿಟ್ಟೆ. ಮರುದಿನ ಗಣಿತದ ಪೀರಿಯಡ್ಡಿನಲ್ಲಿ ವೃತ್ತ ಎಳೆಯುವಾಗ ಅದರಿಂದ ಹೀರೆಯ ವಾಸನೆ ಬಂತು. ಪಕ್ಕದವಳಿಗೂ ಬಂದಿರಬೇಕು ಎಂದು ನಾನು ತಲೆ ಎತ್ತಲಿಲ್ಲ.

ಹಿಂದಿನ ಸಂಜೆ ಮನೆ ಯಾಕೆ ಸುಮ್ಮನಿತ್ತೆಂಬುದು ಆಮೇಲೆ ತಿಳಿಯಿತು. ಅಮ್ಮ ಬಳ್ಳಿ ಕಿತ್ತೆಸೆದದ್ದು ಅಜ್ಜಿಯ ಮನಸ್ಸಿಗೆ ಹತ್ತಿತ್ತು. ನಾನು ಶಾಲೆಯಲ್ಲಿದ್ದಾಗ ಅವಳು ಚಿಕ್ಕಮ್ಮನನ್ನು ಕರೆದು, ಬರುವ ವರ್ಷ ಅರ್ಧ ಬೀಜ ದೊಡ್ಡವಳಿಗೆ ಕೊಡಬೇಕು ಅಂದಿದ್ದಳು. ಚಿಕ್ಕಮ್ಮ, "ಅವ್ರಿಗೆ ಕೊಡೋದ್ಕಿಂತ ಒಲೆಗಾದ್ರೂ ಹಾಕ್ತೀನಿ" ಎಂದು ಊರಿಗೆ ಕೇಳುವ ಹಾಗೆ ಕೂಗಿದ್ದಳು. ಕೂಗಿದರೇನು, ಬೀಜ ಹಂಚುವವಳು ಅಜ್ಜಿ. ನಾನು ಒಂದು ದಿನ ತಡೆದಿದ್ದರೆ ಈ ಮಾತು ನನ್ನ ಕಿವಿಗೂ ಬಿದ್ದು, ಅಮ್ಮನಿಗೆ ಕೇಳದೆಯೇ ಬೀಜ ಬರುತ್ತಿತ್ತು.

ಐದನೆಯ ದಿನ ಕಾಯಿ ಕಪ್ಪಾಗಿ ಜೋತುಬಿತ್ತು. ಅಜ್ಜಿ ಅದನ್ನು ಬಿಡಿಸಿ ಮಡಿಲಿನಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಕೊಳೆತದ್ದನ್ನು ಬಿಡಿಸಿ ನೋಡಿದಳು, ಒಳಗಿನ ಬೀಜ ಇನ್ನೂ ಬಿಳಿ, ಎಳಸು, ಉಗುರು ಒತ್ತಿದರೆ ಹಾಲಾಗುವಂಥದ್ದು. ಆಮೇಲೆ ಸಿಪ್ಪೆಯ ಮೇಲೆ ಹೆಬ್ಬೆರಳಾಡಿಸುತ್ತ ಒಂದು ಕಡೆ ನಿಲ್ಲಿಸಿದಳು. "ಇದು ಹುಳ ಕೊರ್ದದ್ದಲ್ಲ" ಅಂದಳು. ಚಿಕ್ಕಮ್ಮ ಎದುರಿಗೇ ನಿಂತಿದ್ದಳು. ಅಜ್ಜಿ ಅವಳನ್ನು ನೋಡಿದಳು. "ಒಲೆಗೆ ಹಾಕ್ತೀನಿ ಅಂದ್ಯಲ್ಲ. ಅದ್ಕಿಂತ ಇದೇ ಸುಲಭ ಆಯ್ತಾ." ಚಿಕ್ಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ನಾನೇ ನೆಟ್ಟು ನಾನೇ ಚುಚ್ಚನಾ ಅತ್ತೆ, ನನ್ನ ಕಣ್ಣು ಇಂಗೋಗ್ಲಿ" ಅಂದಳು. ಆಮೇಲೆ ಅಮ್ಮನ ಕಡೆ ಕೈ ತಿರುವಿ, "ಕೇಳಿ, ಅಲ್ನಿಂತವ್ರೆ, ಅವ್ರನ್ನ ಕೇಳಿ" ಅಂದಳು. ಅಮ್ಮ ಹೆಂಚಿನ ಸಾಲಿನಾಚೆ ನಿಂತಿದ್ದವಳು ಸೆರಗು ಸಿಕ್ಕಿಸಿ ಒಳಗೆ ಹೋದಳು. ಅವತ್ತು ಸಾರಿಗೆ ಒಗ್ಗರಣೆ ಹಾಕುವಾಗ ಅಮ್ಮ ಏನೋ ಗುನುಗುತ್ತಿದ್ದಳು. ಆ ಗುನುಗನ್ನು ನಾನು ಇಂದಿಗೂ ಸಹಿಸಲಾರೆ. ಆ ಸಾರಿನಲ್ಲೇ ಕಲಸಿದ ಅನ್ನವನ್ನು ನಾನು ಪೂರ್ತಿ ಉಂಡೆ.

ಅಂದಿನಿಂದ ಅಜ್ಜಿ ಚಿಕ್ಕಮ್ಮನ ಕೈಯ ಊಟ ಬಿಟ್ಟಳು. ಅವಳ ವಾರ ಬಂದರೂ ನಮ್ಮ ಕಡೆಯೇ ತಟ್ಟೆ ಹಾಕಿಸಿಕೊಂಡಳು. ಬಸ್ಸಿನ ಕಂಡಕ್ಟರಾಗಿದ್ದ ಚಿಕ್ಕಪ್ಪ ಕೆಲವೇ ತಿಂಗಳಲ್ಲಿ ಚಾಮರಾಜನಗರದ ಡಿಪೋಗೆ ವರ್ಗ ಮಾಡಿಸಿಕೊಂಡ. ಹೊರಡುವ ದಿನ ಚಿಕ್ಕಮ್ಮ ಹಿತ್ತಲಿಗೆ ಬಂದು ತನ್ನ ಚಪ್ಪರದ ಗಳಗಳನ್ನು ಒಂದೊಂದಾಗಿ ಅಲುಗಿಸಿ ಕಿತ್ತು, ಮಣ್ಣು ಕೊಡವಿ, ಲಗೇಜ್ ಆಟೋದ ಮೇಲೆ ಕಟ್ಟಿಸಿದಳು. ಗಳ ಕಿತ್ತ ಕುಳಿಗಳಲ್ಲಿ ಮುಂದಿನ ಮಳೆಗಾಲದಲ್ಲೂ ನೀರು ನಿಲ್ಲುತ್ತಿತ್ತು. ಅಜ್ಜಿ ಬೀಜ ಹುಡುಕಿಕೊಂಡು ಕುದೇರಿಗೆ ಹೋದಳು. ಅಲ್ಲಿ ಹಿತ್ತಲಿನವರೆಗೂ ಅರಿಶಿನ ಹಾಕಿದ್ದರು. ಅಣ್ಣನ ಸೊಸೆ, "ಈಗ ಅದ್ನೆಲ್ಲ ಯಾರು ಮಡಗವ್ರೆ ಬುಡಿ ಅತ್ತೆ, ಪೊಟ್ಣ ಸಿಕ್ತದಲ್ಲ" ಅಂದಳಂತೆ. ಓಣಂ ಬಂದರೆ ಕೇರಳದ ಲಾರಿಗಳು ತುಂಬಿಕೊಂಡು ಹೋಗುತ್ತಿದ್ದ ಹೀರೆಯ ರಾಶಿಯಲ್ಲೂ ಅವಳು ಕೈಯಾಡಿಸಿ ನೋಡುತ್ತಿದ್ದಳು. ಎಲ್ಲ ಉದ್ದವಾದವು.

ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ತಪ್ಪೊಪ್ಪಿಗೆಗೆಂದು ಸಾಲಾಗಿ ಚಾಪೆಲ್ಲಿಗೆ ಹೋಗುತ್ತಿದ್ದರು. ಪಾದ್ರಿ ಕೂತ ಜಾಲರಿಯ ಮುಂದೆ ಮೊಣಕಾಲೂರಿ ಪಿಸುಗುಟ್ಟಿ, ಹೊರಗೆ ಬರುವಾಗ ಮೈ ಹಗುರ ಮಾಡಿಕೊಂಡು ಬರುತ್ತಿದ್ದರು. ನಮಗೆ ಆ ಹೊತ್ತಿನಲ್ಲಿ ಮಾರಲ್ ಸೈನ್ಸ್. ಬೆಂಚಿನ ಮೇಲೆ ಕೂತು, ಅವರ ಬಿಳಿ ಸಾಕ್ಸುಗಳನ್ನು ನೋಡುತ್ತ, ನನಗೂ ಒಂದು ಜಾಲರಿ ಇದ್ದಿದ್ದರೆ ಅಂದುಕೊಳ್ಳುತ್ತಿದ್ದೆ. ಅಜ್ಜಿ ಮತ್ತೆ ಎರಡು ವರ್ಷ ಇದ್ದಳು. ಹೇಳಲು ಸಮಯ ಬೇಕಾದಷ್ಟಿತ್ತು.

ಕೊನೆಗೆ ಹೇಳಿದ್ದು ನನ್ನ ಲಗ್ನಪತ್ರಿಕೆ ಕೊಡಲು ಚಾಮರಾಜನಗರಕ್ಕೆ ಹೋದಾಗ. ಅಮ್ಮ ಬರಲಿಲ್ಲ, ಅಪ್ಪ ಪತ್ರಿಕೆ ಕೊಟ್ಟು ಚಿಕ್ಕಪ್ಪನ ಜೊತೆ ಕೆಳಗೆ ಮಾತಿಗೆ ಕೂತರು. ಚಿಕ್ಕಮ್ಮ ಬಾಡಿಗೆ ಮನೆಯ ತಾರಸಿಯಲ್ಲಿದ್ದಳು. ಪೇಂಟಿನ ಡಬ್ಬ, ಒಡೆದ ಬಕೆಟ್ಟು, ಸಿಮೆಂಟಿನ ಚೀಲ, ಎಲ್ಲದರಲ್ಲೂ ಏನಾದರೊಂದು ಹಸಿರು ಎದ್ದಿತ್ತು. ತಲೆಗೂದಲು ಮುಂದೆ ಬೆಳ್ಳಗಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮವ್ವನಂಗೇ ಆಗಿದ್ದೀಯ" ಅಂದಳು. ಅದು ಮೆಚ್ಚುಗೆಯಲ್ಲ. ನಾನು ನಿಂತೇ ಹೇಳಿದೆ.

"ಚಿಕ್ಕಮ್ಮ, ಆ ಬೀಜದ ಕಾಯಿ ಚುಚ್ಚಿದ್ದು ನಾನು."

ಅವಳು ಬದನೆ ಎಲೆಯನ್ನು ಮಗುಚಿ ಉಗುರಿನಿಂದ ಬಿಳಿ ಹುಳು ಕೆರೆಯುತ್ತಿದ್ದಳು. ಉಗುರು ನಿಂತಿತು. ಮತ್ತೆ ಕೆರೆಯತೊಡಗಿತು.

"ಯಾವುದ್ರಲ್ಲಿ?"

"ಕೈವಾರದಲ್ಲಿ. ಜಾಮಿಟ್ರಿ ಬಾಕ್ಸಿಂದು."

"ನಾನು ದಬ್ಬಳ ಅಂದ್ಕಂಡಿದ್ದೆ" ಅಂದಳು. "ನಿಮ್ಮವ್ವನ ಕೈಲಿ ದಬ್ಬಳ ಹಿಡ್ಸಿ ಇಷ್ಟ್ ವರ್ಸ ಬೈದೆ." ಇನ್ನೊಂದು ಎಲೆ ಮಗುಚಿದಳು. "ಅತ್ತೆಗೆ ಹೇಳ್ಬೇಕಾಗಿತ್ತು ಕಣಮ್ಮಿ. ಅವ್ರಿರೋಗಂಟ ನಾನೇ ಅಂತ್ಲೇ ಇದ್ರು. ಕೊನೆಗೆ ಮಲಗ್ದಾಗ ನಾನು ಬಂದು ಗಂಜಿ ಕುಡ್ಸಾಕೋದ್ರೆ ಬಾಯಿ ಬಿಗಿ ಹಿಡ್ಕಂಡ್ರು. ಗಂಜಿ ಕತ್ತಿನ ಮೇಲೆಲ್ಲ ಸುರೀತು. ಒರೆಸ್ದೋಳು ನೀನೇ."

"ಹೂಂ" ಅಂದೆ. ಒರೆಸಿದವಳು ನಾನೇ. ಅಜ್ಜಿಯ ಕತ್ತಿನ ಸುಕ್ಕಿನಲ್ಲಿ ನಿಂತಿದ್ದ ಗಂಜಿಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದಿದ್ದೆ. ಅವಳ ಕಿವಿ ನನ್ನ ಬಾಯಿಯಿಂದ ಒಂದು ಗೇಣು ದೂರದಲ್ಲಿತ್ತು.

"ಈಗ ನಂಗೇಳುದ್ರೆ ಅದ್ನ ನಾನೇನ್ ಮಾಡ್ಲಿ" ಎಂದು ಚಿಕ್ಕಮ್ಮ ಕೇಳಿದಳು. ಕೆಳಗಿಂದ ಅಪ್ಪ ಹೊರಡೋಣವೆಂದು ಕೂಗಿದರು. ಮದುವೆಯ ಹುಡುಗಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲವಲ್ಲ, ಅವಳು ಎದ್ದು ಡಬ್ಬಗಳ ನಡುವೆ ಬಗ್ಗಿ ಹಸಿಮೆಣಸಿನಕಾಯಿ ಬಿಡಿಸಿದಳು, ಒಂದು ಮುಷ್ಟಿಯಾಗುವಷ್ಟು. ನಮ್ಮಲ್ಲಿ ಮೆಣಸಿನಕಾಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳವಾಗುತ್ತದೆ. ಕೆಳಗಿಟ್ಟರೆ ಎತ್ತಿಕೊಳ್ಳಬೇಕು. ನಾನು ಅವಳು ತಾರಸಿಯ ಕಟ್ಟೆಯ ಮೇಲೆ ಇಡಲಿ ಎಂದು ಕಾದೆ. ಅವಳು ಇಡಲಿಲ್ಲ. ನನ್ನ ಬಲಗೈ ಎಳೆದು, ಅಂಗೈ ಬಿಡಿಸಿ, ಅದರಲ್ಲಿ ಮೆಣಸಿನಕಾಯಿ ತುಂಬಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು.

"ನಿಮ್ಮವ್ವನ ಜೊತೆ ಜಗಳ ಆಡಿದ್ದೆಲ್ಲ ದಂಡ" ಅಂದಳು. "ಇನ್ಮೇಲೆ ನಿನ್ ಜೊತೆ ಆಡ್ತೀನಿ. ಓಗು, ನಿಮ್ಮಪ್ಪ ಕಾಯ್ತಾವ್ರೆ. ಮದ್ವೆಗೆ ನಾನು ಬರಾಕಿಲ್ಲ."

ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಅವಳು ಹಿಂಬಾಗಿಲಿಗೆ ಹೋಗಿ, ಆಗಲೇ ಅರ್ಧ ಸಿಮೆಂಟು ಹಾಕಿಸಿದ್ದ ಹಿತ್ತಲನ್ನು ನೋಡುತ್ತ ಕೂತಳು. ಚಿಕ್ಕಮ್ಮ ಹೇಳಿದಂತೆಯೇ ಮದುವೆಗೆ ಬರಲಿಲ್ಲ. ಛತ್ರದಲ್ಲಿ ಎಲ್ಲರೂ ಒಳಗೆ ಓಡಾಡುತ್ತಿದ್ದರೆ, ಅಮ್ಮ ಮಾತ್ರ ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು, ಊಟದ ಕೊನೆಯ ಪಂಕ್ತಿ ಏಳುವವರೆಗೂ ರಸ್ತೆ ನೋಡುತ್ತ ನಿಂತಿದ್ದಳು.